ತುಂಡು ಜೋಡಿಸಿ ಬಟ್ಟಲು ಕಡೆಯುವುದು: ಕೋನ, ಅಂಟು, ಆಟಿಯ ತೇವ

200 ಮಿ.ಮೀ. ಬಾಯಿಯ ಮರದ ಬಟ್ಟಲನ್ನು ಒಂದೇ ಮರದಿಂದ ಕಡೆಯಬೇಕಾದರೆ ಅಷ್ಟೇ ಅಗಲದ, ಸುಮಾರು 100 ಮಿ.ಮೀ. ದಪ್ಪದ, ಒಳಗೆಲ್ಲೂ ಸೀಳಿಲ್ಲದ ಒಣ ತುಂಡು ಬೇಕು. ಅಂಥದು ಸಿಗುವುದೇ ಕಷ್ಟ. ಸಿಕ್ಕಿದರೂ ಅದರ ಬಹುಪಾಲು ಹೊಟ್ಟಾಗಿ ಲೇತಿನ ಕೆಳಗೆ ಬೀಳುತ್ತದೆ. ಅದೇ ಅಳತೆಯ ಬಟ್ಟಲನ್ನು ದಾರಂದ ಮಾಡಿ ಉಳಿದ ತೇಗದ ಪಟ್ಟಿ, ಹಳೆ ಮಂಚದ ಬೀಟೆ, ಮಿಲ್ಲಿನ ಮೂಲೆಯಲ್ಲಿ ಬಿದ್ದ ಹಲಸಿನ ಚೂರು ಇವುಗಳಿಂದಲೂ ಮಾಡಬಹುದು. ಪಟ್ಟಿಗಳನ್ನು ಓರೆಯಾಗಿ ಕೊಯ್ದು ತುಂಡು ಮಾಡುವುದು, ತುಂಡುಗಳನ್ನು ಅಂಟಿಸಿ ರಿಂಗ್ ಮಾಡುವುದು, ರಿಂಗುಗಳನ್ನು ಒಂದರ ಮೇಲೊಂದು ಏರಿಸಿ ಲೇತಿನಲ್ಲಿ ಕಡೆಯುವುದು. ಸೆಗ್ಮೆಂಟೆಡ್ ಟರ್ನಿಂಗ್ ಎನ್ನುವ ಕೆಲಸ ಇಷ್ಟೇ.

ಹೇಳುವಾಗ ಸುಲಭ ಎನಿಸುವ ಈ ಕೆಲಸದಲ್ಲಿ ಲೇತಿನ ಪಾಲು ಕಡಿಮೆ. ಉಳಿ ಹಿಡಿಯುವ ಮೊದಲೇ ಬಟ್ಟಲಿನ ಹಣೆಬರಹ ನಿರ್ಧಾರವಾಗಿರುತ್ತದೆ. ಅದನ್ನು ನಿರ್ಧರಿಸುವ ಸಂಗತಿಗಳು ಎರಡು: ಕೊಯ್ದ ಕೋನಗಳೆಲ್ಲ ಸೇರಿ ಸರಿಯಾಗಿ 360 ಡಿಗ್ರಿ ಆಯಿತೇ ಎಂಬುದು ಒಂದು, ಮಳೆಗಾಲದಲ್ಲಿ ಮರ ಉಬ್ಬುವುದಕ್ಕೆ ದಾರಿ ಬಿಟ್ಟಿದ್ದೀರಾ ಎಂಬುದು ಇನ್ನೊಂದು. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಮ್ಮ ಕರಾವಳಿಯಲ್ಲಿ ಎರಡನೆಯದಕ್ಕೆ ಕೊಡಬೇಕಾದ ಗಮನ, ಒಣ ಹವೆಯ ಊರಿನವರು ಮಾಡಿದ ವಿಡಿಯೋಗಳಲ್ಲಿ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಆ ಎರಡನ್ನು ಉದ್ದಕ್ಕೆ ಹೇಳಿ, ಉಳಿದದ್ದನ್ನು ಚಿಕ್ಕದಾಗಿ ಮುಗಿಸಲಾಗಿದೆ.

ಕೋನದ ಲೆಕ್ಕ

ರಿಂಗಿನಲ್ಲಿ ಎಷ್ಟು ತುಂಡುಗಳಿವೆಯೋ ಆ ಸಂಖ್ಯೆಯಿಂದ 180ನ್ನು ಭಾಗಿಸಿದರೆ ಪ್ರತಿ ತುದಿಯನ್ನು ಎಷ್ಟು ಓರೆಯಾಗಿ ಕೊಯ್ಯಬೇಕು ಎಂಬುದು ಸಿಗುತ್ತದೆ. 8 ತುಂಡಿಗೆ 22.5 ಡಿಗ್ರಿ, 12ಕ್ಕೆ 15, 16ಕ್ಕೆ 11.25, 24ಕ್ಕೆ 7.5. ಮೊದಲ ಬಟ್ಟಲಿಗೆ 12 ತುಂಡಿನ ರಿಂಗೇ ಸರಿ. 8 ತುಂಡಾದರೆ ಮೂಲೆಗಳು ಬಹಳ ಹೊರಗೆ ಚಾಚಿಕೊಂಡು ಮರ ದಂಡವಾಗುತ್ತದೆ. 24 ಆದರೆ ಕೊಯ್ತಗಳು ಹೆಚ್ಚಿ ತಪ್ಪೂ ಹೆಚ್ಚುತ್ತದೆ. 12ನ್ನು ಆರಿಸಲು ಇನ್ನೊಂದು ಕಾರಣವೂ ಇದೆ, ಅದು ಮುಂದೆ ಬರುತ್ತದೆ.

ತಪ್ಪು ಹೇಗೆ ಬೆಳೆಯುತ್ತದೆ ನೋಡಿ. 12 ತುಂಡು ಅಂದರೆ 24 ಕೊಯ್ತ. ಒಂದೊಂದರಲ್ಲಿ ಬರೀ 0.1 ಡಿಗ್ರಿ ಕಮ್ಮಿಯಾದರೂ ಒಟ್ಟು 2.4 ಡಿಗ್ರಿ ಕಮ್ಮಿ. ಹನ್ನೊಂದು ಜೋಡುಗಳನ್ನು ಬಿಗಿಯಾಗಿ ಕೂರಿಸಿದಿರಿ ಎಂದಾದರೆ ಕೊನೆಯ ಜೋಡಿನಲ್ಲಿ, 200 ಮಿ.ಮೀ. ರಿಂಗಿನ ಹೊರ ಅಂಚಿನಲ್ಲಿ, 4 ಮಿ.ಮೀ.ಗಿಂತ ಹೆಚ್ಚಿನ ಸಂದು ಬಾಯಿ ತೆರೆದು ನಿಲ್ಲುತ್ತದೆ. ರಿಂಗಿನ ಸುತ್ತ ಕ್ಲಿಪ್ ಬಿಗಿದು ಅದನ್ನು ಮುಚ್ಚಬಹುದು ಎಂದು ತೋರಬಹುದು. ಮುಚ್ಚಿದ ಹಾಗೆ ಕಾಣುತ್ತದೆ ಕೂಡ. ಆದರೆ ಆ ಎಳೆತ ಅಂಟಿನೊಳಗೆ ಉಳಿದು, ಗೋಡೆ ತೆಳುವಾಗುತ್ತ ಬಂದಂತೆ ಲೇತಿನ ಮೇಲೆಯೇ ಬಿಟ್ಟುಕೊಳ್ಳುತ್ತದೆ.

ಗರಗಸದ ಮೇಲೆ ಬರೆದ ಡಿಗ್ರಿ ಗೆರೆಗಳನ್ನು ಈ ಕೆಲಸಕ್ಕೆ ನಂಬಬಾರದು. 15 ಡಿಗ್ರಿ ಹೊಂದಿಸಲು ಪ್ಲೈವುಡ್ಡಿನಲ್ಲಿ ಒಂದು ತ್ರಿಕೋನ ಕೊಯ್ದಿಡಿ: 400 ಮಿ.ಮೀ. ಉದ್ದದ ಗೆರೆ, ಅದರ ತುದಿಯಲ್ಲಿ ನೆಟ್ಟಗೆ 107.2 ಮಿ.ಮೀ. ಎತ್ತರ, ಎರಡನ್ನೂ ಸೇರಿಸುವ ಓರೆ ಗೆರೆ. ಎತ್ತರದಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಕೋನ 0.07 ಡಿಗ್ರಿಯಷ್ಟು ತಪ್ಪುತ್ತದೆ. ಚಿಕ್ಕ ತ್ರಿಕೋನ ಮಾಡಿದರೆ ತಪ್ಪು ಇನ್ನೂ ದೊಡ್ಡದು. ಹಾಗಾಗಿ ತ್ರಿಕೋನ ದೊಡ್ಡದೇ ಇರಲಿ.

ಟೇಬಲ್ ಸಾ (ಮೇಜಿನ ನಡುವಿನಿಂದ ಬ್ಲೇಡ್ ಮೇಲೆ ಬಂದಿರುವ ಗರಗಸ) ಇದ್ದರೆ ಇದಕ್ಕಿಂತ ಒಳ್ಳೆಯ ದಾರಿ ಎರಡು ಬೇಲಿಯ ಸ್ಲೆಡ್. ಜಾರುವ ಹಲಗೆಯ ಮೇಲೆ ಎರಡು ಮರದ ಬೇಲಿಗಳನ್ನು, ಅಂದರೆ ಪಟ್ಟಿಯನ್ನು ಒರಗಿಸಿ ಹಿಡಿಯುವ ನೇರ ಕಟ್ಟಿಗೆಗಳನ್ನು, ಒಂದಕ್ಕೊಂದು 30 ಡಿಗ್ರಿ ಇರುವಂತೆ ಬಿಗಿಯುತ್ತಾರೆ. ಪಟ್ಟಿಯನ್ನು ಮೊದಲು ಒಂದು ಬೇಲಿಗೆ ಒತ್ತಿ ತುದಿ ಕೊಯ್ಯುವುದು, ಆಮೇಲೆ ಮಗುಚದೆ ಇನ್ನೊಂದು ಬೇಲಿಗೆ ಸರಿಸಿ ತುಂಡು ಕೊಯ್ಯುವುದು. ಆಗ ಪ್ರತಿ ತುಂಡಿನ ಒಂದು ತುದಿ ಮೊದಲ ಬೇಲಿಯದು, ಇನ್ನೊಂದು ತುದಿ ಎರಡನೆಯ ಬೇಲಿಯದು. ಒಂದು 15.2 ಡಿಗ್ರಿ, ಇನ್ನೊಂದು 14.8 ಇದ್ದರೂ ಕೂಡಿದಾಗ 30 ಆಗಿಯೇ ಆಗುತ್ತದೆ. ನಿಖರವಾಗಿರಬೇಕಾದ್ದು ಬೇಲಿಗಳ ನಡುವಿನ 30 ಡಿಗ್ರಿ ಮಾತ್ರ. ಅದಕ್ಕೆ ಇಂಜಿನಿಯರಿಂಗ್ ಡ್ರಾಯಿಂಗಿಗೆ ಬಳಸುವ ದೊಡ್ಡ 30-60 ಸೆಟ್ ಸ್ಕ್ವೇರ್ ಸಾಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. 12 ತುಂಡಿನ ರಿಂಗಿನಿಂದ ಆರಂಭಿಸಬೇಕು ಎನ್ನುವ ಇನ್ನೊಂದು ಕಾರಣ ಇದೇ. ಈ ಸ್ಲೆಡ್ಡಿನಲ್ಲಿ ಕೊಯ್ದ ತುಂಡುಗಳ ಮೇಲ್ಮೈಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಒಂದನ್ನೂ ತಲೆಕೆಳಗು ಮಾಡದೆ ಜೋಡಿಸಬೇಕು. ಒಂದು ತಿರುವುಮುರುವಾದರೂ ಅದರ ಜೋಡುಗಳು ಸರಿಯಾಗಿ ಕೂರುವುದಿಲ್ಲ.

ಟೇಬಲ್ ಸಾ ಇಲ್ಲದವರು ಕೈಗರಗಸದಲ್ಲಿ ಅಥವಾ ಮೈಟರ್ ಸಾದಲ್ಲಿ 1 ಮಿ.ಮೀ. ಉದ್ದವಾಗಿಯೇ ಕೊಯ್ದು, ಆಮೇಲೆ ಡಿಸ್ಕ್ ಸ್ಯಾಂಡರಿನ ಮುಂದೆ 15 ಡಿಗ್ರಿಗೆ ಬಿಗಿದ ಬೇಲಿಯಲ್ಲಿ ಸವೆಸಿ ಅಳತೆಗೆ ತರಬಹುದು. ನಿಧಾನದ ಕೆಲಸ, ಆದರೆ ಫಲಿತಾಂಶ ಚೆನ್ನಾಗಿರುತ್ತದೆ. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯ ಕಟಿಂಗ್ ಮೆಷಿನ್ನಿನಲ್ಲಿ ಕೊಯ್ಸಿಕೊಳ್ಳುವ ಯೋಚನೆ ಇದ್ದರೆ ಮರದ ಬ್ಲೇಡನ್ನು ನೀವೇ ಒಯ್ಯಿರಿ. 10 ಇಂಚಿಗೆ 60ರಿಂದ 80 ಹಲ್ಲಿನದು ಬೇಕು. ಕಮ್ಮಿ ಹಲ್ಲಿನ ಬ್ಲೇಡ್ ಬಿಟ್ಟ ಒರಟು ಮುಖದಲ್ಲಿ ಅಂಟಿನ ಗೆರೆ ದಪ್ಪವಾಗಿ ಕಾಣುತ್ತದೆ.

ಒಳ್ಳೆಯ ಮರಕ್ಕೆ ಕೈ ಹಾಕುವ ಮೊದಲು ಪ್ಲೈವುಡ್ ಚೂರಿನಲ್ಲಿ 12 ತುಂಡು ಕೊಯ್ದು, ಅಂಟಿಲ್ಲದೆ ಜೋಡಿಸಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯನ್ನು ಸುತ್ತಿ ಬೆಳಕಿಗೆ ಹಿಡಿದು ನೋಡಿ. ಜೋಡುಗಳ ಹೊರಗಡೆ ಬೆಳಕು ನುಸುಳಿದರೆ ಕೋನ ಕಮ್ಮಿಯಾಗಿದೆ, ಒಳಗಡೆ ನುಸುಳಿದರೆ ಹೆಚ್ಚಾಗಿದೆ. ಎಲ್ಲೂ ಬೆಳಕು ಕಾಣದ ತನಕ ಈ ಪರೀಕ್ಷೆಯನ್ನು ಬಿಡಬಾರದು.

ಮಳೆಗಾಲದ ಲೆಕ್ಕ

ಮರ ತೇವ ಎಳೆದುಕೊಂಡು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ನಾರಿನ ಉದ್ದಕ್ಕೆ ಬದಲಾವಣೆ ಲೆಕ್ಕಕ್ಕೆ ಸಿಗದಷ್ಟು ಕಮ್ಮಿ, ನಾರಿಗೆ ಅಡ್ಡವಾಗಿ ಹೆಚ್ಚು. ಹಸಿ ತೇಗ ಪೂರ್ತಿ ಒಣಗುವಾಗ ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು 2.5 ಶೇಕಡಾ, ವರ್ಷದ ಬಳೆಗಳ ಗುಂಟ ಸುಮಾರು 5.8 ಶೇಕಡಾ ಕುಗ್ಗುತ್ತದೆ. ಮರಗಳಲ್ಲಿ ಇದು ತೀರ ಕಮ್ಮಿ; ತೇಗಕ್ಕೆ ಬಾಗಿಲು ಕಿಟಕಿಗಳಲ್ಲಿ ಇರುವ ಮರ್ಯಾದೆಗೆ ಇದೂ ಒಂದು ಕಾರಣ.

ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. 30 ಡಿಗ್ರಿ ಸೆಕೆಯಲ್ಲಿ ಗಾಳಿಯ ಆರ್ದ್ರತೆ 70 ಶೇಕಡಾ ಇದ್ದರೆ ಮರದೊಳಗಿನ ತೇವ 13 ಶೇಕಡಾದ ಹತ್ತಿರ ಬಂದು ನಿಲ್ಲುತ್ತದೆ. ಆರ್ದ್ರತೆ 90 ಆದರೆ 20ರ ಹತ್ತಿರ. ಮನೆಯೊಳಗೆ ಇಷ್ಟು ಏರುಪೇರು ಆಗಲಿಕ್ಕಿಲ್ಲ ಎಂದು 6 ಶೇಕಡಾ ಎಂದೇ ಹಿಡಿಯೋಣ. ಆಗ 100 ಮಿ.ಮೀ. ಅಗಲದ ತೇಗದ ಹಲಗೆ ಬೇಸಿಗೆಗೂ ಆಟಿಗೂ (ಜುಲೈ–ಆಗಸ್ಟಿನ ಮಳೆ ತಿಂಗಳು) ನಡುವೆ ಸುಮಾರು 1.2 ಮಿ.ಮೀ. ಉಬ್ಬುತ್ತದೆ.

ಈಗ ಬಟ್ಟಲನ್ನು ನೋಡಿ. ರಿಂಗಿನಲ್ಲಿ ನಾರು ಸುತ್ತಲೂ ಓಡುತ್ತದೆ, ಆದ್ದರಿಂದ ರಿಂಗಿನ ಸುತ್ತಳತೆ ವರ್ಷವಿಡೀ ಹೆಚ್ಚುಕಮ್ಮಿ ಹಾಗೆಯೇ ಇರುತ್ತದೆ. ಎಲ್ಲ ರಿಂಗುಗಳೂ ಒಂದೇ ರೀತಿ ನಡೆದುಕೊಳ್ಳುವುದರಿಂದ ಅವುಗಳ ನಡುವೆ ಜಗಳವಿಲ್ಲ. ಜಗಳ ಬರುವುದು ತಳದಲ್ಲಿ. ಹೊಸಬರು ಸಾಮಾನ್ಯವಾಗಿ 90–100 ಮಿ.ಮೀ.ನ ಒಂದೇ ಹಲಗೆಯ ಬಿಲ್ಲೆಯನ್ನು ತಳಕ್ಕೆ ಅಂಟಿಸಿ ಅದರ ಮೇಲೆ ರಿಂಗ್ ಕೂರಿಸುತ್ತಾರೆ. ಫೆಬ್ರವರಿಯಲ್ಲಿ ಮಾಡಿದ ಬಟ್ಟಲು ಮೇ ತಿಂಗಳವರೆಗೆ ಚೆನ್ನಾಗಿಯೇ ಇರುತ್ತದೆ. ಜುಲೈಯಲ್ಲಿ ತಳದ ಬಿಲ್ಲೆ ಒಂದು ದಿಕ್ಕಿಗೆ ಒಂದು ಮಿ.ಮೀ. ಉಬ್ಬುತ್ತದೆ, ಅದಕ್ಕೆ ಅಂಟಿದ ರಿಂಗ್ ಉಬ್ಬುವುದಿಲ್ಲ. ಎರಡರಲ್ಲಿ ಒಂದು ಸೋಲಲೇಬೇಕು: ಕೆಳಗಿನ ರಿಂಗಿನ ಎದುರುಬದುರಿನ ಎರಡು ಜೋಡುಗಳು ಬಿಟ್ಟುಕೊಳ್ಳುತ್ತವೆ. ಅಂಟು ಕಳಪೆ ಎಂದು ಬೈಯುವವರು ತಳವನ್ನೊಮ್ಮೆ ನೋಡಬೇಕು.

ಇದಕ್ಕೆ ಪರಿಹಾರ ತಳವನ್ನೂ ರಿಂಗಿನಂತೆಯೇ ಮಾಡುವುದು. 12 ತುಂಡಿನ ತಳದ ರಿಂಗ್ ಅಂಟಿಸಿ, ನಡುವೆ 40 ಮಿ.ಮೀ.ನ ತೂತು ಕಡೆದು, ಅದಕ್ಕೆ ಸರಿಯಾಗಿ ಕೂರುವ ಬಿಲ್ಲೆಯನ್ನು ಬೇರೆ ಬಣ್ಣದ ಮರದಿಂದ ಮಾಡಿ ಅಂಟಿಸಿ. 40 ಮಿ.ಮೀ. ತೇಗ ಉಬ್ಬುವುದು ಅರ್ಧ ಮಿ.ಮೀ.ಗಿಂತ ಕಮ್ಮಿ, ಅಷ್ಟನ್ನು ಜೋಡುಗಳು ತಡೆದುಕೊಳ್ಳುತ್ತವೆ. ತಳದ ಹಲಗೆ ಒಂದೇ ಆಗಿರಬೇಕು ಎಂಬ ಹಟವಿದ್ದರೆ ವರ್ಷದ ಬಳೆಗಳು ದಪ್ಪಕ್ಕೆ ನೆಟ್ಟಗೆ ಕಾಣುವಂತೆ ಕೊಯ್ದ ಹಲಗೆಯನ್ನೇ ಆರಿಸಿ, 75 ಮಿ.ಮೀ. ದಾಟದಂತೆ ನೋಡಿಕೊಳ್ಳಿ.

ರಿಂಗಿನ ಅಗಲಕ್ಕೂ ಇದೇ ನಿಯಮ. ತುಂಡಿನ ಉದ್ದ ಬದಲಾಗದೆ ಅಗಲ ಮಾತ್ರ ಉಬ್ಬಿದಾಗ ಅದರ ತುದಿಯ ಕೋನವೇ ಬದಲಾಗುತ್ತದೆ, ಜೋಡಿನ ಮೇಲೆ ಎಳೆತ ಬೀಳುತ್ತದೆ. 25–40 ಮಿ.ಮೀ. ಅಗಲದ ಪಟ್ಟಿಯಲ್ಲಿ ಚಿಂತೆಯಿಲ್ಲ. 70–80 ಮಿ.ಮೀ. ಅಗಲದ ಚಪ್ಪಟೆ ತಟ್ಟೆಯನ್ನು ಮೊದಲ ಕೆಲಸವಾಗಿ ಆರಿಸಿಕೊಳ್ಳಬೇಡಿ.

ಮರ

ನಮ್ಮಲ್ಲಿ ಮರಕ್ಕೆ ಬರವಿಲ್ಲ. ತೇಗ, ಹಲಸು, ಹೆಬ್ಬಲಸು, ಮಹಾಗನಿ, ಮಾವು, ರಬ್ಬರ್. ಕಾಸರಗೋಡಿನಿಂದ ತೆಂಕಕ್ಕೆ ಹೋದಂತೆ ಮಿಲ್ಲಿನವರು ಪ್ಲಾವ್, ಅಯಿನಿ, ಈಟಿ ಎಂದರೆ ಕ್ರಮವಾಗಿ ಹಲಸು, ಹೆಬ್ಬಲಸು, ಬೀಟೆ ಎಂದು ತಿಳಿದುಕೊಳ್ಳಿ. ಬಣ್ಣದ ವ್ಯತ್ಯಾಸ ಬೇಕಾದಲ್ಲಿ ಬಿಳಿಚಿಗೆ ರಬ್ಬರ್, ಕಂದಿಗೆ ತೇಗ, ಕಪ್ಪಿಗೆ ಬೀಟೆ. ರಬ್ಬರ್ ಮರವನ್ನು ಬೋರಾನ್ ಉಪಚಾರ ಮಾಡಿ ಒಣಗಿಸಿದ್ದನ್ನೇ ತನ್ನಿ. ಹಾಗೆಯೇ ಬಿಟ್ಟ ರಬ್ಬರ್ ಹಲಗೆಗೆ ನೀಲಿ ಕಲೆ ಬರುತ್ತದೆ, ಹುಳ ಹಿಡಿಯುತ್ತದೆ. ಬೀಟೆಯನ್ನು ಬಿಲ್ ಕೊಡುವಲ್ಲಿಂದ ಮಾತ್ರ ಕೊಳ್ಳಿ, ಇಲ್ಲವೇ ಹಳೆ ಪೀಠೋಪಕರಣದಿಂದ ಬಿಚ್ಚಿದ್ದನ್ನು ಬಳಸಿ. ಹಳೆ ಮರದಲ್ಲಿ ಮೊಳೆಗಳನ್ನು ಅಯಸ್ಕಾಂತದಿಂದ ಹುಡುಕಿ ತೆಗೆಯದೆ ಗರಗಸಕ್ಕೆ ಕೊಡಬೇಡಿ.

ಚೆಂಡೆಯ ಗೂಡಿಗೆ ಬಳಸುವ ಹಲಸು ಇಲ್ಲಿಯ ಕೈಗಳಿಗೆ ಪರಿಚಯದ ಮರ. ಕಡೆಯಲು ಹಿತ, ಅಂಟು ಚೆನ್ನಾಗಿ ಹಿಡಿಯುತ್ತದೆ. ಆದರೆ ಹೊಸದಾಗಿ ಕಡೆದಾಗ ಅರಸಿನದಂತಿರುವ ಬಣ್ಣ ಬೆಳಕಿಗೆ ಕಂದಾಗುತ್ತ ಹೋಗುತ್ತದೆ. ಹಲಸಿನ ಹಳದಿಯನ್ನೂ ತೇಗದ ಕಂದನ್ನೂ ಪಕ್ಕಪಕ್ಕ ಇಟ್ಟು ಮಾಡಿದ ಚಿತ್ತಾರ ಕೆಲವು ವರ್ಷಗಳಲ್ಲಿ ಒಂದರೊಳಗೊಂದು ಕರಗುತ್ತದೆ. ಹಲಸಿನ ಜೊತೆಗೆ ಬೀಟೆ ಅಥವಾ ರಬ್ಬರ್ ಇಡಿ.

ಮಿಲ್ಲಿನ ಅಂಗಳದಲ್ಲಿ ಮಳೆ ಬಿಸಿಲು ತಿಂದ ಮರವನ್ನು ತಂದ ಮರುದಿನವೇ ಕೊಯ್ಯಬಾರದು. ಪಟ್ಟಿ ಮಾಡಿ, ನಡುನಡುವೆ ರೀಪು ಇಟ್ಟು, ಬಟ್ಟಲು ಇರಬೇಕಾದ ಕೋಣೆಯಲ್ಲೇ ಅಥವಾ ಒಲೆಯ ಮೇಲಿನ ಅಟ್ಟದಲ್ಲಿ ಪೇರಿಸಿ. ತೇವ ಅಳೆಯುವ ಮೀಟರ್ ಇದ್ದರೆ 12–14 ಶೇಕಡಾ ತೋರಿಸಲಿ. ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಪಟ್ಟಿಯನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ಮೂರು ವಾರ ತೂಕ ಇಳಿಯದೆ ನಿಂತರೆ ಮರ ಆ ಕೋಣೆಗೆ ಒಗ್ಗಿದೆ. ಡಿಸೆಂಬರಿನಿಂದ ಏಪ್ರಿಲ್ ಈ ಕೆಲಸಕ್ಕೆ ಒಳ್ಳೆಯ ಕಾಲ. ಕೊಯ್ದ ತುಂಡುಗಳನ್ನು ಚೀಲದಲ್ಲಿ ಕಟ್ಟಿಟ್ಟು ಮಳೆಗಾಲದಲ್ಲಿ ಅಂಟಿಸುವ ಅಭ್ಯಾಸ ಬೇಡ. ಏಪ್ರಿಲಿನಲ್ಲಿ 15 ಡಿಗ್ರಿ ಇದ್ದ ತುದಿ ಜುಲೈಯಲ್ಲಿ 15 ಇರುವುದಿಲ್ಲ.

ಕಾಗದದ ಮೇಲೆ ಬಟ್ಟಲು

ಗ್ರಾಫ್ ಕಾಗದದಲ್ಲಿ ಬಟ್ಟಲಿನ ಅರ್ಧ ಸೀಳು ಚಿತ್ರವನ್ನು ನಿಜವಾದ ಅಳತೆಗೇ ಬರೆಯಿರಿ. ಗೋಡೆ 8 ಮಿ.ಮೀ. ದಪ್ಪ ಇರಲಿ. ಆಮೇಲೆ 18 ಮಿ.ಮೀ.ಗೊಂದರಂತೆ ಅಡ್ಡ ಗೆರೆ ಎಳೆಯಿರಿ. ಒಂದೊಂದು ಪದರವೂ ಒಂದು ರಿಂಗ್. ಪ್ರತಿ ಪದರದಲ್ಲಿ ಗೋಡೆಯ ಅತಿ ಹೊರಗಿನ ಬಿಂದು ಯಾವುದು, ಅತಿ ಒಳಗಿನದು ಯಾವುದು ನೋಡಿ, ಎರಡೂ ಕಡೆ 3 ಮಿ.ಮೀ. ಹೆಚ್ಚುವರಿ ಬಿಡಿ. ಇಳಿಜಾರು ಹೆಚ್ಚಿದ್ದಲ್ಲಿ ರಿಂಗ್ ಅಗಲವಾಗಬೇಕಾಗುತ್ತದೆ. ಕೆಳಗಿನ ರಿಂಗುಗಳನ್ನು ಸಪುರ ಮಾಡಿಬಿಟ್ಟು ಕಡೆಯುವಾಗ ಗೋಡೆ ತೂತು ಮಾಡಿಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ.

ಹೊರ ಅಂಚಿನಲ್ಲಿ ತುಂಡಿನ ಉದ್ದಕ್ಕೆ ಸೂತ್ರ ಸರಳ: ರಿಂಗಿನ ವ್ಯಾಸವನ್ನು ಕೊಯ್ತದ ಕೋನದ ಟ್ಯಾಂಜೆಂಟಿನಿಂದ ಗುಣಿಸುವುದು. 12 ತುಂಡಿಗೆ ಆ ಅಂಕಿ 0.268, 16ಕ್ಕೆ 0.199, 24ಕ್ಕೆ 0.132. ಬಾಯಿ 200, ಎತ್ತರ ತಳ ಸೇರಿ 90 ಮಿ.ಮೀ. ಇರುವ ಒಂದು ಬಟ್ಟಲಿನ ನಾಲ್ಕು ರಿಂಗುಗಳ ಅಳತೆ, ಹೆಚ್ಚುವರಿ ಸೇರಿಸಿ, ಕೆಳಗಿನಿಂದ ಮೇಲಕ್ಕೆ ಹೀಗೆ:

ಒಂದನೆಯದು: ವ್ಯಾಸ 136, ಪಟ್ಟಿಯ ಅಗಲ 38, ತುಂಡಿನ ಉದ್ದ 36.4
ಎರಡನೆಯದು: ವ್ಯಾಸ 166, ಅಗಲ 35, ಉದ್ದ 44.5
ಮೂರನೆಯದು: ವ್ಯಾಸ 188, ಅಗಲ 30, ಉದ್ದ 50.4
ನಾಲ್ಕನೆಯದು, ಬಾಯಿ: ವ್ಯಾಸ 206, ಅಗಲ 27, ಉದ್ದ 55.2

ತಳದ ರಿಂಗ್ ಬೇರೆ; ಅದರ ಪಾದ 90 ಮಿ.ಮೀ. ಆಗುವಂತೆ ಮಾಡಿದರೆ ಈ ಚಿತ್ರಕ್ಕೆ ಹೊಂದುತ್ತದೆ. ಬಾಯಿಯ ರಿಂಗಿಗೆ ಬೇಕಾದ ಪಟ್ಟಿ ಎಷ್ಟು ಉದ್ದ? ತುಂಡಿನ ಹೊರ ಉದ್ದ 55, ಒಳ ಉದ್ದ 41, ಸರಾಸರಿ 48, ಗರಗಸ ತಿನ್ನುವುದು 3. ಹನ್ನೆರಡಕ್ಕೆ 612, ಕೈಯಲ್ಲಿ ಹಿಡಿಯಲು ಕೊನೆಯಲ್ಲಿ ಕನಿಷ್ಠ 150. ಒಟ್ಟು 770 ಮಿ.ಮೀ. ಪಟ್ಟಿ ತೆಗೆದಿಟ್ಟುಕೊಳ್ಳಿ.

ಜೋಡುಗಳ ನಡುವೆ 1 ಮಿ.ಮೀ.ನ ಕಪ್ಪು ವೆನೀರ್ (ತೆಳು ಮರದ ಹಾಳೆ) ಇಟ್ಟರೆ ಬಟ್ಟಲಿಗೆ ಬರುವ ಕಳೆಯೇ ಬೇರೆ. ಹಾಗೆ ಮಾಡುವುದಾದರೆ ಪ್ರತಿ ತುಂಡಿನ ಉದ್ದದಿಂದ 1 ಮಿ.ಮೀ. ಕಳೆಯಬೇಕು, ಕೋನ ಬದಲಾಗುವುದಿಲ್ಲ.

ಕೊಯ್ಯುವುದು, ಅಂಟಿಸುವುದು

12 ತುಂಡುಗಳ ಉದ್ದ ಒಂದೇ ಇರಬೇಕು, ಅದಕ್ಕೆ ಪಟ್ಟಿಯ ತುದಿ ತಾಗಿ ನಿಲ್ಲುವ ತಡೆಗಟ್ಟಿ ಬೇಕೇ ಬೇಕು. ಆದರೆ ಕೊಯ್ಯುವ ಹೊತ್ತಿಗೆ ತುಂಡು ಬ್ಲೇಡಿಗೂ ತಡೆಗಟ್ಟಿಗೂ ನಡುವೆ ಸಿಕ್ಕಿಕೊಂಡಿರಬಾರದು. ಸಿಕ್ಕಿಕೊಂಡರೆ ಬ್ಲೇಡ್ ಅದನ್ನು ಕಚ್ಚಿ ಮುಖಕ್ಕೆ ಎಸೆಯುತ್ತದೆ. ಪಟ್ಟಿಯನ್ನು ತಡೆಗೆ ತಾಗಿಸಿ, ಪಟ್ಟಿಯನ್ನು ಬಿಗಿದು, ತಡೆಯನ್ನು ತೆಗೆದು, ಆಮೇಲೆ ಕೊಯ್ಯಿರಿ. ಬ್ಲೇಡ್ ಪೂರ್ತಿ ನಿಂತ ಮೇಲೆಯೇ ತುಂಡನ್ನು ಮುಟ್ಟುವುದು. ಇಷ್ಟು ಚಿಕ್ಕ ತುಂಡುಗಳನ್ನು ಬೆರಳಿನಿಂದ ಒತ್ತಿ ಹಿಡಿಯುವ ಪ್ರಶ್ನೆಯೇ ಇಲ್ಲ. ತುದಿಗೆ ರಬ್ಬರ್ ಅಂಟಿಸಿದ ಒಂದು ಕೋಲು ಇಟ್ಟುಕೊಳ್ಳಿ.

ಅಂಟಿಗೆ ಬಿಳಿ ಪಿವಿಎ ಸಾಕು. ಫೆವಿಕಾಲ್ ಆದರೆ ನೀರು ತಡೆಯುವ ಮರೈನ್ ಬಗೆ ನಮ್ಮ ಹವೆಗೆ ಮೇಲು. ಓರೆಯಾಗಿ ಕೊಯ್ದ ಮುಖದಲ್ಲಿ ನಾರಿನ ಬಾಯಿಗಳು ತೆರೆದಿರುವುದರಿಂದ ಅಂಟನ್ನು ಹೀರಿಕೊಳ್ಳುತ್ತದೆ, ಜೋಡಿನಲ್ಲಿ ಅಂಟೇ ಉಳಿಯುವುದಿಲ್ಲ. ಮೊದಲು ತೆಳುವಾಗಿ ಒಂದು ಕೈ ಸವರಿ ಐದು ನಿಮಿಷ ಬಿಟ್ಟು, ಮತ್ತೆ ಸವರಿ ಜೋಡಿಸಿ. ತೇಗದಲ್ಲಿ ಎಣ್ಣೆಯಂಶವಿದೆ, ಕೊಯ್ದ ದಿನವೇ, ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ತುದಿಗಳನ್ನು ಒರಸಿ, ಆರಿದ ತಕ್ಷಣ ಅಂಟಿಸಿ.

ಪೂರ್ತಿ ರಿಂಗನ್ನು ಒಂದೇ ಸಲಕ್ಕೆ ಅಂಟಿಸುವ ಆಸೆ ಬೇಡ. ಆರಾರು ತುಂಡುಗಳ ಎರಡು ಅರ್ಧಗಳನ್ನು ಮಾತ್ರ ಅಂಟಿಸಿ. ಎರಡು ಅರ್ಧಗಳು ಎದುರಾಗುವ ಎರಡೂ ಕಡೆ ಅಂಟು ಹಚ್ಚದೆ, ಬೆಂಕಿಕಡ್ಡಿ ದಪ್ಪದ ಕಡ್ಡಿಯೊಂದನ್ನು ನೆಟ್ಟಗೆ ಇಟ್ಟು, ಇಡೀ ರಿಂಗಿಗೆ ಹೋಸ್ ಕ್ಲಿಪ್ ಹಾಕಿ ಬಿಗಿಯಿರಿ. ಪ್ಲಂಬಿಂಗ್ ಅಥವಾ ಆಟೋ ಸ್ಪೇರ್ ಅಂಗಡಿಯ ಕ್ಲಿಪ್ಪುಗಳನ್ನೇ ಎರಡು ಮೂರು ಒಂದಕ್ಕೊಂದು ಸೇರಿಸಿದರೆ ಬೇಕಾದ ಉದ್ದ ಸಿಗುತ್ತದೆ. ಪ್ರತಿ ಜೋಡಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಅಂಟಿನ ಹನಿಗಳು ಸಾಲಾಗಿ ಹೊರಬಂದರೆ ಪ್ರಮಾಣ ಸರಿಯಾಗಿದೆ. ಹನಿಯೇ ಕಾಣದ ಜೋಡನ್ನು ಬಿಚ್ಚಿ ಮತ್ತೆ ಸವರಿ. ಕಬ್ಬಿಣದ ಕ್ಲಿಪ್ ಒದ್ದೆ ಅಂಟಿನೊಂದಿಗೆ ಸೇರಿದರೆ ಮರಕ್ಕೆ ಕಪ್ಪು ಕಲೆ ಬೀಳುತ್ತದೆ. ನಡುವೆ ಪ್ಯಾಕಿಂಗ್ ಟೇಪ್ ಸುತ್ತಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ತುಂಡುಗಳನ್ನು ಕೈಯಿಂದ ತಟ್ಟಿ ಸಮ ಮಾಡಿ.

ಆರಿದ ಮೇಲೆ ಎರಡು ಅರ್ಧಗಳು ಬಿಡಿಯಾಗಿ ಕೈಗೆ ಬರುತ್ತವೆ. ಗಾಜಿನ ಮೇಲೆ 80 ನಂಬರಿನ ಉಪ್ಪುಕಾಗದ ಅಂಟಿಸಿ, ಅರ್ಧದ ಎರಡೂ ತುದಿಗಳನ್ನು ಒಟ್ಟಿಗೆ ಅದರ ಮೇಲೆ ಉಜ್ಜಿ. ಎರಡೂ ತುದಿ ಒಂದೇ ಸಮತಲಕ್ಕೆ ಬಂದವೆಂದರೆ 24 ಕೊಯ್ತಗಳಲ್ಲಿ ಕೂಡಿಬಂದ ತಪ್ಪೆಲ್ಲ ಅಲ್ಲಿಗೆ ಮುಗಿಯಿತು. ರಿಂಗ್ ಕೂದಲೆಳೆಯಷ್ಟು ಮೊಟ್ಟೆಯಾಕಾರ ಆಗಬಹುದು, ಕಡೆಯುವಾಗ ಅದು ಹೋಗುತ್ತದೆ. 1 ಮಿ.ಮೀ.ಗಿಂತ ಹೆಚ್ಚು ಉಜ್ಜಬೇಕಾಗಿ ಬಂದರೆ ಮಾತ್ರ ಬೇಲಿಯ ಕೋನವನ್ನು ಮತ್ತೆ ಹೊಂದಿಸಿ. ಆಮೇಲೆ ಎರಡು ಅರ್ಧಗಳನ್ನು ಸೇರಿಸಿ ಅಂಟಿಸಿ. ಮಳೆಗಾಲದಲ್ಲಿ ಅಂಟು ಒಣಗಲು ಡಬ್ಬಿಯ ಮೇಲೆ ಬರೆದ ಸಮಯದ ಎರಡರಷ್ಟು ಕೊಡಿ. ಯಾವ ಕಾಲದಲ್ಲೂ 24 ಗಂಟೆ ಆಗದೆ ಲೇತಿಗೆ ಏರಿಸಬೇಡಿ.

ಏರಿಸುವುದು, ಕಡೆಯುವುದು

ಫೇಸ್‌ಪ್ಲೇಟಿಗೆ (ಲೇತಿನ ತಿರುಗುವ ತುದಿಗೆ ಕೂರುವ ಲೋಹದ ತಟ್ಟೆ) ಗಟ್ಟಿ ಮರದ ಒಂದು ಹಿಡಿಕಟ್ಟೆಯನ್ನು ಸ್ಕ್ರೂ ಹಾಕಿ ಕೂರಿಸಿ, ಅದರ ಮುಖವನ್ನು ಸಮ ಕಡೆದು, ತಳವನ್ನು ಅದಕ್ಕೆ ಅಂಟಿಸಿ. ಇಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಪದರ ಪದರವಾಗಿ ಸೀಳಿಹೋಗುತ್ತದೆ. ರಿಂಗಿನ ಒಂದು ಮುಖವನ್ನು ಮಾತ್ರ ಉಪ್ಪುಕಾಗದದ ಹಲಗೆಯ ಮೇಲೆ ಸಮ ಮಾಡಿದರೆ ಸಾಕು. ಮುಖದ ತುಂಬ ಪೆನ್ಸಿಲಿನಿಂದ ಗೀಚಿ ಉಜ್ಜಿ. ಗೀಚು ಎಲ್ಲ ಕಡೆ ಅಳಿದಾಗ ಅದು ಸಮ. ಆ ಮುಖವನ್ನು ಕೆಳಗಿನದಕ್ಕೆ ಅಂಟಿಸಿ, ಮೇಲಿನ ಮುಖವನ್ನು ಲೇತ್ ತಿರುಗುವಾಗ ಸ್ಕ್ರೇಪರಿನಿಂದ ಸಮ ಮಾಡಿ ಉಕ್ಕಿನ ಪಟ್ಟಿ ಇಟ್ಟು ನೋಡಿ, ನಂತರ ಮುಂದಿನ ರಿಂಗ್. ಒತ್ತಲು ಲೇತಿನ ಎದುರು ತುದಿಯಲ್ಲಿರುವ ಟೇಲ್‌ಸ್ಟಾಕನ್ನೇ ಬಳಸಬಹುದು, ನಡುವೆ ಒಂದು ಹಲಗೆ ಇಟ್ಟು.

ಕೆಂಪುಕಲ್ಲಿನ ಗೋಡೆ ಕಟ್ಟುವಾಗ ಕೆಳಸಾಲಿನ ಸಂದಿನ ಮೇಲೆ ಮೇಲ್ಸಾಲಿನ ಕಲ್ಲಿನ ನಡುಭಾಗ ಬರುವಂತೆ ಇಡುತ್ತಾರಲ್ಲ, ರಿಂಗುಗಳಿಗೂ ಅದೇ ಕ್ರಮ. ಕೆಳಗಿನ ಜೋಡಿನ ಗೆರೆ ಮೇಲಿನ ತುಂಡಿನ ನಡುವಿಗೆ ಬರಬೇಕು. 12 ತುಂಡಿಗೆ 15 ಡಿಗ್ರಿ ತಿರುವು. ಓರೆ ಜೋಡುಗಳಲ್ಲಿ ಅಂಟಿನ ಹಿಡಿತ ಕಮ್ಮಿ. ರಿಂಗಿನಿಂದ ರಿಂಗಿಗೆ ಅಂಟಿದ ಚಪ್ಪಟೆ ಮುಖಗಳೇ ಬಟ್ಟಲನ್ನು ನಿಜವಾಗಿ ಹಿಡಿದಿಡುವುದು.

ಬಟ್ಟಲು ದುಂಡಾಗುವ ತನಕ ನಿಮಿಷಕ್ಕೆ 400 ಸುತ್ತು ದಾಟಬೇಡಿ. ಹನ್ನೆರಡು ಮೂಲೆಗಳು ಉಳಿಗೆ ಬಡಿಯುತ್ತಿರುತ್ತವೆ, 10 ಮಿ.ಮೀ. ಬೌಲ್ ಗೌಜನ್ನು (ಬಟ್ಟಲು ಕಡೆಯುವ ಬಾಗುಬಾಯಿಯ ಉಳಿ) ಚೂಪಾಗಿ ಇಟ್ಟುಕೊಂಡು ತೆಳುವಾಗಿ ತೆಗೆಯಿರಿ. ಬಡಿತ ನಿಂತು ಒಂದೇ ಸಮನೆ ಸುಯ್ಯೆನ್ನುವ ಸದ್ದು ಬಂದ ಮೇಲೆ 800ರಿಂದ 1000ಕ್ಕೆ ಏರಿಸಬಹುದು. ನಡುವೆ ಟಕ್ ಟಕ್ ಎಂಬ ಹೊಸ ಸದ್ದು ಕೇಳಿದರೆ ತಕ್ಷಣ ನಿಲ್ಲಿಸಿ ಪ್ರತಿ ಜೋಡನ್ನೂ ನೋಡಿ. ಫೇಸ್ ಶೀಲ್ಡ್ ಇಲ್ಲದೆ, ತಿರುಗುವ ಬಟ್ಟಲಿನ ನೇರಕ್ಕೆ ನಿಂತು ಈ ಕೆಲಸ ಮಾಡಬಾರದು: ಒಂದೇ ಮರದ ಬಟ್ಟಲು ಬಿರುಕು ಬಿಡುತ್ತದೆ, ಜೋಡಿಸಿದ ಬಟ್ಟಲು ಚೂರಾಗಿ ಹಾರುತ್ತದೆ. ಬೀಟೆ, ತೇಗದ ಧೂಳು ಮೂಗು ಗಂಟಲು ಕೆರೆಸುತ್ತದೆ, ಮಾಸ್ಕ್ ಹಾಕಿಕೊಳ್ಳಿ.

ಉಪ್ಪುಕಾಗದ 120ರಿಂದ 320ರವರೆಗೆ, ಕ್ರಮ ತಪ್ಪಿಸದೆ. ಬೆರಳಿಗೆ ಬಿಸಿ ತಾಗುವಷ್ಟು ಒತ್ತಿದರೆ ಪಿವಿಎ ಮೆತ್ತಗಾಗಿ ಜೋಡಿನ ಗೆರೆ ಉಬ್ಬಿ ಕೈಗೆ ತಗಲುತ್ತದೆ. ಬೀಟೆಯ ಕಪ್ಪು ಧೂಳು ಪಕ್ಕದ ರಬ್ಬರ್ ಮರದ ರಂಧ್ರಗಳಿಗೆ ಸೇರಿಕೊಂಡರೆ ಮತ್ತೆ ಬಿಡುವುದಿಲ್ಲ. ಆದ್ದರಿಂದ 180ರ ಹಂತದಲ್ಲೇ ಒಮ್ಮೆ ತೆಳುವಾಗಿ ಅರಗಿನ ಪಾಲಿಶ್ ಹಚ್ಚಿ ರಂಧ್ರ ಮುಚ್ಚಿ, ಧೂಳನ್ನು ಬಟ್ಟೆಯಿಂದ ಒರಸದೆ ಗಾಳಿಯಿಂದ ಊದಿ ತೆಗೆಯಿರಿ. ಕೊನೆಯ ಪಾಲಿಶ್ ಒಳಗೂ ಹೊರಗೂ ತಳಕ್ಕೂ ಸಮವಾಗಿ ಇರಲಿ. ತಳವನ್ನು ಬರಿದಾಗಿ ಬಿಟ್ಟರೆ ತೇವ ಅಲ್ಲಿಂದಲೇ ಏರುತ್ತದೆ.

ಬಟ್ಟಲಿನಲ್ಲಿ ಗೇರುಬೀಜ, ಹಣ್ಣು, ಎಲೆ ಅಡಿಕೆ ಇಡಬಹುದು. ಬಿಸಿ ಸಾಂಬಾರು ಹಾಕುವುದು, ನೀರಿನಲ್ಲಿ ನೆನೆಸಿ ತೊಳೆಯುವುದು ಆಗದು. ಮೊದಲ ಮಳೆಗಾಲ ಮುಗಿದ ಮೇಲೆ ಪ್ರತಿ ಜೋಡನ್ನೂ ಉಗುರಿನಿಂದ ಸವರಿ ನೋಡಿ. ಕೂದಲೆಳೆಯಷ್ಟು ಗೆರೆ ಒಂದೆರಡು ಕಡೆ ಬಿಟ್ಟಿದ್ದರೆ ಡಿಸೆಂಬರಿನವರೆಗೆ ಕಾದು, ಒಣಗಿದ ಮೇಲೆ ತೆಳು ಸೂಪರ್ ಗ್ಲೂ ಹರಿಸಿ ಉಜ್ಜಿದರೆ ಸರಿಹೋಗುತ್ತದೆ. ಬಿಟ್ಟ ಜೋಡುಗಳು ತಳದ ಹತ್ತಿರ ಎದುರುಬದುರಾಗಿ ಇದ್ದರೆ ಅಂಟು ಸುರಿದು ಪ್ರಯೋಜನವಿಲ್ಲ. ತಳದ ಹಲಗೆಯನ್ನು ಲೇತಿನಲ್ಲಿ ಕಡೆದು ತೆಗೆದು, ರಿಂಗಿನ ತಳ ಮತ್ತು 40 ಮಿ.ಮೀ. ಬಿಲ್ಲೆ ಹಾಕಿ ಹೊಸದಾಗಿ ಕೂರಿಸಬೇಕು.